ಸಮುದ್ರ ತೊಳೆದವಳು

"ಬಿಡ್ರೀ ಅದನ್ನ!"

"ನೀವೇ ಬಿಡ್ರೀ! ಮೊದ್ಲು ಹಿಡಿದಿದ್ದು ನಾನು!"

ಭೂಮಿಯ ಮೇಲೆ ಇದುವರೆಗೆ ನಡೆದ ಯುದ್ಧಗಳನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ಹಾಕಿ. ಆ ಭಾನುವಾರ ಬೆಳಿಗ್ಗೆ, ಸಂಗ್ರಹಕಾರರು ವಾರವಾರ ಸೇರುವ ಅಂಚೆಚೀಟಿ ಅಂಗಡಿಯ ಉದ್ದ ಮೇಜಿನ ಮೇಲೆ ನಡೆದದ್ದನ್ನು ಇನ್ನೊಂದು ತಟ್ಟೆಗೆ ಹಾಕಿ. ಈ ಎರಡನೇ ತಟ್ಟೆಯೇ ಧೊಪ್ಪೆಂದು ಕೆಳಗಿಳಿಯುತ್ತದೆ... ಬೇಕಾದರೆ ಪಂದ್ಯ ಕಟ್ಟೋಣ!

ಇದ್ದದ್ದು ಒಂದೇ ಒಂದು ಅಂಚೆಚೀಟಿ. ಅದರ ಎಡ ಅಂಚನ್ನು ಅವಳ ಚಿಮಟ ಕಚ್ಚಿಕೊಂಡಿತ್ತು. ಬಲ ಅಂಚನ್ನು ಅವನ ಚಿಮಟ.

ಅವಳು ಅಂಗಡಿ ಯಜಮಾನರ ಅಣ್ಣನ ಮಗಳು. ಅಂಚೆಚೀಟಿಯನ್ನು ಬರಿಗೈಯಲ್ಲಿ ಮುಟ್ಟಿದವರನ್ನು ಕೊಲೆಗಾರರಂತೆ ನೋಡುವವಳು. ಹಾಗಾಗಿ ಸುತ್ತಮುತ್ತಲಿನವರಿಗೆಲ್ಲ ಅವಳು ‘ಚಿಮಟಮ್ಮ’. ವಸಾಹತು ಕಾಲದ ವಿಮಾನದ ಚೀಟಿಗಳೆಂದರೆ ಪ್ರಾಣ. ರೆಕ್ಕೆಯ ತುದಿ ತೋರಿಸಿದರೆ ಸಾಕು, ಆ ವಿಮಾನದ ಏಳು ತಲೆಮಾರಿನ ಜಾತಕ ಹೇಳಿಬಿಡುವಳು!

ಅವನು ಎದುರು ಸಾಲಿನಲ್ಲಿ ಹೊಸದಾಗಿ ಕನ್ನಡಕದ ಅಂಗಡಿ ತೆರೆದವನು. ಬಂದರುಗಳ ಹುಚ್ಚ. ಅದೇ ಕಾಲದ ಹಡಗುಕಟ್ಟೆ, ದೀಪಸ್ತಂಭ, ಕ್ರೇನುಗಳಿರುವ ಚೀಟಿ ಕಂಡರೆ ಅಂಗಡಿಗೆ ಬಂದ ಗಿರಾಕಿಯ ಮೂಗಿನ ಮೇಲೆ ಅರ್ಧ ಕನ್ನಡಕ ಬಿಟ್ಟು ಓಡಿಬರುವವನು.

ಮಧ್ಯೆ ಸಿಕ್ಕಿಕೊಂಡ ಆ ಚೀಟಿಯಲ್ಲಿ ಬಂದರೂ ಇತ್ತು, ವಿಮಾನವೂ ಇತ್ತು! ಕಪ್ಪು ಗೆರೆಗಳ ಕ್ರೇನು, ಹಡಗು, ನೀರಿಗಿಳಿಯುತ್ತಿರುವ ಪುಟ್ಟ ವಿಮಾನ. ಸಮುದ್ರ ಮಾತ್ರ ನೇರಳೆ... ನೋಡಿದವರ ಉಸಿರು ನಿಲ್ಲಿಸುವ ನೇರಳೆ. ಮೂಲೆಯಲ್ಲಿ ಎಲ್ಲಿಂದಲೋ ಬಂದು ಆಳಿಹೋದ ದೊರೆಯ ತಲೆ. ಅವನ ಮೀಸೆಯೇ ಹಡಗಿಗಿಂತ ಉದ್ದ.

"ಹರಿದೋಗತ್ತೆ ಕಣ್ರೋ! ಇಬ್ರೂ ಕೆಳಗಿಡಿ!"

ಕೂಗಿದವರು ಹಡಗಜ್ಜ. ಹರೆಯದಲ್ಲಿ ಬಂದರಿನಲ್ಲಿ ಮೂಟೆ ಹೊತ್ತು, ಆಮೇಲೆ ಕ್ರೇನ್ ಓಡಿಸಿ ನಿವೃತ್ತರಾದವರು. ಚೀಟಿ ಅವರದೇ. ಬದಲಿಗೆ ಬೇರೆ ಚೀಟಿ ಕೊಡುವವರಿಗೆ ಕೊಡೋಣವೆಂದು ತಂದಿದ್ದರು.

"ಒಂದು ಪ್ರಶ್ನೆ ಕೇಳ್ತೀನಿ," ಎಂದರು ಅಜ್ಜ. "ಇದರಲ್ಲಿ ಏನು ಕಾಣ್ಸತ್ತೆ? ನೀನು ಹೇಳಮ್ಮ."

"ವಿಮಾನ!" ಅವಳು ಕಣ್ಣು ಮಿಟುಕಿಸದೆ ಹೇಳಿದಳು.

"ನೀನಪ್ಪಾ?"

ಅವನು ಬಗ್ಗಿ ನೋಡಿದ. "ಬಂದರು... ಆಮೇಲೆ, ಇಲ್ಲಿ ಕೆಳಗೆ ಚುಕ್ಕೆ ಚುಕ್ಕೆ ಇದೆಯಲ್ಲ, ಮೂಟೆ ಹೊತ್ತೋರು. ದೊರೆ ತಲೆ ಅಷ್ಟು ದೊಡ್ಡದು ಬರೆದು, ಪಾಪ, ಇವರಿಗೆ ಮುಖಾನೇ ಬರೆದಿಲ್ಲ."

ಅಜ್ಜ ಒಂದು ಕಾಲದಲ್ಲಿ ಮೂಟೆ ಹೊತ್ತ ತಮ್ಮ ಹೆಗಲನ್ನೊಮ್ಮೆ ಸವರಿಕೊಂಡರು.

"ಚುಕ್ಕೆಗಳನ್ನ ನೋಡಿದೋನಿಗೇ ಇದು," ಎಂದು ಚೀಟಿಯನ್ನು ಅವನ ಮುಂದೆ ತಳ್ಳಿದರು.

ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು! ಅವನೋ, ಇಡೀ ಬಂದರನ್ನೇ ಗೆದ್ದವನಂತೆ ಹಲ್ಲು ಬಿಟ್ಟ.

‘ಏನು ಹಲ್ಲೋ! ಮೊದ್ಲು ಅದಕ್ಕೊಂದು ಕನ್ನಡಕ ಹಾಕ್ಕೊಳ್ಳಲಿ!’ ಎಂದು ಅವಳು ಮನಸ್ಸಿನಲ್ಲೇ ಬೈದಳು.

ಆದರೆ ಆ ಹಲ್ಲು ಆ ಸಂಜೆಯಿಡೀ ಅವಳ ಕಣ್ಣ ಮುಂದಿನಿಂದ ಕದಲಲಿಲ್ಲ.

* * *

ಮಾರನೇ ದಿನ ಅವನು ಆಲ್ಬಮಿನ ಹಾಳೆ ಬೇಕೆಂದು ಬಂದ. ಅದರ ಮಾರನೇ ದಿನ ಆ ಹಾಳೆ ಸಣ್ಣದಾಯಿತೆಂದು ಬಂದ. ಆಮೇಲೆ ದೊಡ್ಡದಾಯಿತೆಂದು ಬಂದ. ಹಾಗೆ ಬಂದು ಬಂದು ಎರಡು ಅಂಗಡಿಗಳ ನಡುವಿನ ಡಾಂಬರು ಸವೆದು ಹಳ್ಳವಾಯಿತು, ಅದರಲ್ಲಿ ಒಂದು ಲಾರಿ ಸಿಕ್ಕಿಕೊಂಡಿತು ಎಂದರೂ ನೀವು ನಂಬಬೇಕು!

"ನಿನ್ನ ಅಂಗಡಿಗೆ ಬರೋ ಗಿರಾಕಿಗಿಂತ ನೀನೇ ನಮ್ಮ ಅಂಗಡಿಗೆ ಜಾಸ್ತಿ ಬರ್ತೀಯಲ್ಲೋ," ಎಂದರು ಅವಳ ಚಿಕ್ಕಪ್ಪ. "ಒಂದು ಕುರ್ಚಿ ಹಾಕಿಸಿಬಿಡ್ಲಾ?"

"ಹಾಕಿಸಿ ಸಾರ್. ಮೆತ್ತನೇದು ಹಾಕಿಸಿ."

ಅವಳು ತಲೆ ಎತ್ತದೆ ಚೀಟಿ ವಿಂಗಡಿಸುತ್ತಿದ್ದಳು. ತುಟಿ ಮಾತ್ರ ಮಾತು ಕೇಳಲಿಲ್ಲ, ಅರಳಿಬಿಟ್ಟಿತು.

ಒಂದು ದಿನ ಅವನು ಆ ನೇರಳೆ ಸಮುದ್ರದ ಚೀಟಿಯನ್ನೇ ತಂದ.

"ಹಿಂದೆ ನೋಡಿ, ಯಾವ ಕಾಲದ್ದೋ ಆಲ್ಬಮಿನ ದಪ್ಪ ಕಾಗದ ಅಂಟ್ಕೊಂಡಿದೆ. ಅಂಚೆಚೀಟಿ ಪ್ರದರ್ಶನ ಬೇರೆ ಹತ್ತಿರ ಬಂತು. ಇದನ್ನ ನೆನೆಸಿ ಬಿಡಿಸೋಕೆ ನಿಮ್ಮಂಥೋರು ಇನ್ನೊಬ್ಬರಿಲ್ಲ ಅಂತಾರೆ ಎಲ್ರೂ."

ಅದು ಸುಳ್ಳಲ್ಲ. ಅವಳು ನೆನೆಸಿ ತೆಗೆದ ಚೀಟಿ ಹೊಸದಾಗಿ ಹುಟ್ಟಿಬಂದಂತೆ ಹೊಳೆಯುತ್ತಿತ್ತು. ಅಂಗಡಿಯ ಬಾಗಿಲಲ್ಲಿ ಬೋರ್ಡೇ ಇತ್ತು: ‘ಇಲ್ಲಿ ಹಳೆಯ ಅಂಚೆಚೀಟಿಗಳನ್ನು ತೊಳೆದುಕೊಡಲಾಗುವುದು’. ಪ್ರತಿ ಭಾನುವಾರ ಅವಳ ಉಪದೇಶವೂ ಇರುತ್ತಿತ್ತು.

"ಕೆಂಪು ಬಟ್ಟೆ ಜೊತೆ ಬಿಳೀ ಅಂಗಿ ನೆನೆಹಾಕ್ತೀರಾ? ಇಲ್ಲ ತಾನೆ? ಇದೂ ಹಾಗೇ. ಆ ಕಾಲದ ನೇರಳೆ, ಹಸಿರು ಶಾಯಿಗಳನ್ನ ನಂಬಲೇಬಾರದು. ಮೊದ್ಲು ಒದ್ದೆ ಹತ್ತಿ ಮೂಲೆಗೆ ತಾಗಿಸಿ. ಹತ್ತಿಗೆ ಬಣ್ಣ ಹತ್ತಿದ್ರೆ ನೀರಿಗೆ ಹಾಕೋ ಹಾಗೇ ಇಲ್ಲ!"

ಹೊರಡುವ ಮುಂಚೆ ಅವನು ಬಾಗಿಲಲ್ಲಿ ತಿರುಗಿ ನಿಂತ.

"ಒಂದು ವಿಚಿತ್ರ ಗೊತ್ತಾ? ಬಂದರಿಗೋಸ್ಕರ ನಿಮ್ಮ ಜೊತೆ ಜಗಳ ಆಡಿ ಇದನ್ನ ತಗೊಂಡೆ. ಈಗ ನೋಡಿದಾಗೆಲ್ಲ ನಂಗೆ ವಿಮಾನಾನೇ ಕಾಣ್ಸತ್ತೆ."

ಅಷ್ಟು ಹೇಳಿ ರಸ್ತೆ ದಾಟಿ ಹೋದ.

ಅವಳು ಬಿಳಿ ಪಿಂಗಾಣಿ ಬಟ್ಟಲಿಗೆ ನೀರು ಸುರಿದಳು. ‘ವಿಮಾನಾನೇ ಕಾಣ್ಸತ್ತೆ...’ ಹಾಗೆಂದರೇನು? ಹಾಗೆಂದರೆ... ಅದೇನಾ? ಅವಳ ಕಿವಿ ಬಿಸಿಯಾಯಿತು. ಚಿಮಟದಲ್ಲಿ ಚೀಟಿ ಹಿಡಿದಳು. ‘ವಿಮಾನಾನೇ...’ ನೀರಿಗೆ ಬಿಟ್ಟಳು.

ಹತ್ತಿ ಡಬ್ಬದಲ್ಲೇ ಇತ್ತು. ಮುಚ್ಚಳ ಕೂಡ ತೆಗೆದಿರಲಿಲ್ಲ.

ಬಟ್ಟಲಿನ ನೀರಲ್ಲಿ ಮೊದಲು ಒಂದು ಎಳೆ ನೇರಳೆ ಕಂಡಿತು. ಆಮೇಲೆ ಇನ್ನೊಂದು. ಅವಳು ಕೂಗುವಷ್ಟರಲ್ಲಿ, ಚಿಮಟ ಬಿಟ್ಟು ಬರಿಗೈ ಹಾಕಿ ಅದನ್ನು ಎತ್ತುವಷ್ಟರಲ್ಲಿ... ಸಮುದ್ರ ಪೂರ್ತಿ ಬಟ್ಟಲಿಗೆ ಇಳಿದಿತ್ತು.

ಕೈಯಲ್ಲಿ ಉಳಿದದ್ದು ಕಪ್ಪು ಗೆರೆಯ ಕ್ರೇನು, ದೊರೆಯ ಮೀಸೆ, ನೀರಿಲ್ಲದೆ ಬಿಳಿ ಕಾಗದದ ಮೇಲೆ ನಿಂತ ಹಡಗು, ಎಲ್ಲಿಗಿಳಿಯಬೇಕೆಂದು ತಿಳಿಯದ ವಿಮಾನ.

‘ಅಯ್ಯೋ! ನಾನು... ನಾನೇನಾ ಇದನ್ನ ಮಾಡಿದ್ದು?’

ಊರಿಗೆಲ್ಲ ಹೇಳಿಕೊಟ್ಟ ಪಾಠ. ಅವಳೇ ಮರೆತಿದ್ದಳು. ಅಂಗೈಗೆ ಹತ್ತಿದ ನೇರಳೆಯನ್ನು ಉಜ್ಜಿ ಉಜ್ಜಿ ತೊಳೆದಳು. ಮುಖಕ್ಕೆ ಹತ್ತಿದ ನಾಚಿಕೆಯನ್ನು ತೊಳೆಯುವ ನೀರು ಯಾವ ನಲ್ಲಿಯಲ್ಲೂ ಬರಲಿಲ್ಲ.

* * *

"ಆಯ್ತಾ?" ಸಂಜೆ ಅವನು ಓಡುತ್ತಲೇ ಬಂದ.

ಹೇಳಬೇಕು. ಹೇಳಿಯೇಬಿಡಬೇಕು. ‘ತಪ್ಪಾಯ್ತು, ಹತ್ತಿ ತಾಗಿಸೋದು ಮರೆತೆ.’ ಇಷ್ಟೇ ಇಷ್ಟು ಮಾತು! ಆದರೆ ಅವನ ಕಣ್ಣಲ್ಲಿ ಅಷ್ಟೊಂದು ಮೆಚ್ಚುಗೆ ಇತ್ತು. ಅದು ಕಣ್ಣೆದುರೇ ಆರಿಹೋಗುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

"ಅದು... ಅದು ನಕಲಿ ಸ್ಟಾಂಪು."

"ಏನು?!"

"ಹತ್ತಿ ತಾಗಿಸಿ ನೋಡ್ದೆ, ಬಣ್ಣ ಗಟ್ಟಿಯಾಗೇ ನಿಂತಿತ್ತು. ಆಮೇಲೆ ನೀರಿಗೆ ಹಾಕಿದ ತಕ್ಷಣ ಬಿಟ್ಕೊಳ್ತು. ಅಸಲಿ ನೇರಳೆ ಆಗಿದ್ರೆ ಹತ್ತಿಗೇ ಬಿಟ್ಕೋಬೇಕಿತ್ತು. ಯಾರೋ ಆಮೇಲೆ ಬಣ್ಣ ಬಳಿದಿದ್ದಾರೆ."

ಬಾಯಿ ತಾನಾಗಿಯೇ ಹೇಳಿಕೊಂಡು ಹೋಯಿತು. ಎಷ್ಟು ಚೆನ್ನಾಗಿ ಹೇಳಿತು!

ಅವನು ಬೆಳ್ಳಗಾದ ಚೀಟಿಯನ್ನು ನೋಡಿದ. ಜೇಬಿನಲ್ಲಿದ್ದ ಭೂತಗನ್ನಡಿಯನ್ನು ತೆಗೆಯಲೂ ಇಲ್ಲ.

"ನೀವು ಹೇಳಿದ್ಮೇಲೆ ಮುಗೀತು," ಎಂದ. "ಅಂತೂ ನಕಲಿಗೋಸ್ಕರ ನಿಮ್ಮ ಹತ್ರ ಅಷ್ಟು ಜಗಳ ಆಡಿದ್ನಲ್ಲ... ಸಾರಿ ರೀ."

ಅವನು ಅವಳ ಕ್ಷಮೆ ಕೇಳುತ್ತಿದ್ದ! ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಭೂಮಿ ಸುಮ್ಮನೇ ಇತ್ತು.

ಭಾನುವಾರ ಅವನು ಎಲ್ಲರೆದುರಿಗೆ, ಆದರೆ ಮೆಲ್ಲಗೆ, ಚೀಟಿಯನ್ನು ಹಡಗಜ್ಜನ ಮುಂದಿಟ್ಟ.

"ಅಜ್ಜಾ, ಬೇಜಾರು ಮಾಡ್ಕೋಬೇಡಿ. ಇದು ನಕಲಿ ಅಂತೆ. ಹತ್ತಿಗೆ ನಿಂತಿದ್ದು ನೀರಿಗೆ ನಿಲ್ಲಲಿಲ್ಲ. ಯಾರೋ ನಿಮಗೂ ಟೋಪಿ ಹಾಕಿದ್ದಾರೆ."

ಅಜ್ಜ ಎಂದೂ ಚೀಟಿಯನ್ನು ನೀರಿಗೆ ಹಾಕಿದವರಲ್ಲ. ನೀರಿಗೆ ಬಿದ್ದದ್ದೆಲ್ಲ ತುಕ್ಕು ಹಿಡಿಯತ್ತೆ ಎನ್ನುವುದು ಅವರ ಬಂದರಿನ ಲೆಕ್ಕಾಚಾರ. ಚೀಟಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅವಳ ಕಡೆ ನೋಡಿದರು.

"ಹೌದೇನಮ್ಮಾ?"

ಮೇಜಿನ ಸುತ್ತ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ತಲೆ ಆಡಿಸಿದಳು. ಹೌದೆಂದು.

"ಚಿಮಟಮ್ಮ ಹೇಳಿದ್ಮೇಲೆ ಮುಗೀತಲ್ಲ," ಎಂದರು ಯಾರೋ.

ಅಜ್ಜ ಅವನಿಂದ ಬದಲಿಗೆ ಪಡೆದಿದ್ದ ಚೀಟಿಗಳನ್ನು ಆಲ್ಬಮಿನಿಂದ ಬಿಡಿಸಿ ವಾಪಸ್ ಕೊಟ್ಟರು. ಆ ದಿನ ಅವರು ಒಂದು ಜೋಕೂ ಹೇಳಲಿಲ್ಲ. ಮುಂದಿನ ಭಾನುವಾರ ಬರಲೇ ಇಲ್ಲ.

* * *

"ಇವತ್ತು ಹಡಗಜ್ಜ ನನ್ನ ಅಂಗಡಿಗೆ ಬಂದಿದ್ರು," ಎಂದ ಅವನು.

ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಟೀ ಕುಡಿಯುತ್ತಿದ್ದರು.

"ಯಾಕೆ?"

"ಕಣ್ಣು ಹೋಗಿದೆ, ಟೆಸ್ಟ್ ಮಾಡಪ್ಪ ಅಂದ್ರು. ಮಾಡಿದೆ. ಕಟ್ಟಕಡೇ ಸಾಲಿನ ಅಕ್ಷರಾನೂ ಗಟಗಟ ಓದಿದ್ರು! ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ ಅಂದೆ. ನಂಬ್ತಾನೇ ಇಲ್ಲ. ‘ಚೆನ್ನಾಗಿದ್ರೆ ನಕಲಿಗೂ ಅಸಲಿಗೂ ವ್ಯತ್ಯಾಸ ಯಾಕೆ ತಿಳೀಲಿಲ್ಲ? ಇನ್ನು ಉಳಿದಿದ್ದರಲ್ಲಿ ಎಷ್ಟು ನಕಲಿಯೋ!’ ಅಂತಾರೆ."

ಅವಳು ತುಟಿಯವರೆಗೆ ತಂದ ಲೋಟವನ್ನು ಕುಡಿಯದೇ ಇಳಿಸಿದಳು.

"ಈ ಭಾನುವಾರ ಆಲ್ಬಮುಗಳನ್ನೆಲ್ಲ ತಂದು ಹಂಚಿಬಿಡ್ತಾರಂತೆ. ಆಟ ಮುಗೀತು ಅಂದ್ರು. ಹೋಗ್ಲಿ ಬಿಡಿ..." ಅವನು ಲೋಟ ಕೆಳಗಿಟ್ಟ. ಧ್ವನಿ ಬದಲಾಯಿತು. "ನಿಮ್ಮ ಹತ್ರ ಬೇರೆ ಒಂದು ಮಾತು ಹೇಳ್ಬೇಕಿತ್ತು. ಎಷ್ಟೋ ದಿನದಿಂದ..."

ಅವಳಿಗೆ ಗೊತ್ತಾಯಿತು. ಯಾವ ಮಾತೆಂದು ಗೊತ್ತಾಯಿತು! ಕನಸಿನಲ್ಲಿ ಸಾವಿರ ಸಲ ಕೇಳಿದ್ದ ಮಾತು. ಆದರೆ ಅವನು ಪ್ರೀತಿಸುತ್ತಿರುವುದು ಯಾರನ್ನು? ಸುಳ್ಳೇ ಆಡದ, ತಪ್ಪೇ ಮಾಡದ ಒಬ್ಬ ಚಿಮಟಮ್ಮನನ್ನು. ಅಂಥವಳು ಇಲ್ಲಿ ಇಲ್ಲವೇ ಇಲ್ಲ.

"ಬೇಡ!" ಅವಳು ಎದ್ದು ನಿಂತಳು. "ಹೇಳ್ಬೇಡಿ. ದಯವಿಟ್ಟು ಹೇಳ್ಬೇಡಿ."

ಅವನ ಮುಖ ಸಪ್ಪಗಾಯಿತು.

"ಸರಿ," ಎಂದ. "ಅರ್ಥ ಆಯ್ತು."

ಅವನಿಗೆ ಅರ್ಥವಾದದ್ದೇ ಬೇರೆ. ಅರ್ಧ ಕುಡಿದ ಟೀ ಬಿಟ್ಟು ರಸ್ತೆ ದಾಟಿದವನು ಆಮೇಲೆ ಹಾಳೆ ಸಣ್ಣದಾಯಿತೆಂದೂ ಬರಲಿಲ್ಲ, ದೊಡ್ಡದಾಯಿತೆಂದೂ ಬರಲಿಲ್ಲ.

* * *

ಭಾನುವಾರ ಹಡಗಜ್ಜ ಎರಡು ಚೀಲಗಳಲ್ಲಿ ಆಲ್ಬಮು ಹೊತ್ತು ತಂದರು. ಹರೆಯದಲ್ಲಿ ಹಡಗಿನಷ್ಟು ಹೊರೆ ಹೊತ್ತವರು ಎರಡು ಚೀಲಕ್ಕೆ ಏದುಸಿರು ಬಿಡುತ್ತಿದ್ದರು.

"ತಗೊಳ್ರಪ್ಪಾ. ಯಾವುದು ಅಸಲಿ ಯಾವುದು ನಕಲಿ ನೀವೇ ನೋಡ್ಕೊಳಿ. ನಂಗೆ ತಿಳಿಯಲ್ಲ."

ಜನ ಮೊದಲು ಬೇಡ ಬೇಡ ಎಂದರು. ಆಮೇಲೆ ಹಾಳೆ ತಿರುವಿದರು. ಆಮೇಲೆ ಮೇಜಿನ ಸುತ್ತ ಮೊಣಕೈಗಳ ತಿಕ್ಕಾಟವೇ ಶುರುವಾಯಿತು. ಕನ್ನಡಕದ ಅಂಗಡಿಯವನು ಬಾಗಿಲ ಬಳಿ ಒರಗಿ ನಿಂತಿದ್ದ. ಅವಳ ಕಡೆ ನೋಡುತ್ತಿರಲಿಲ್ಲ.

ಅವಳು ಎದ್ದು ನಿಂತಳು.

"ಅಜ್ಜಾ... ನಾನು ಹತ್ತಿ ತಾಗಿಸ್ಲೇ ಇಲ್ಲ."

ಮೇಜಿನ ಸುತ್ತ ಇದ್ದವರಿಗೆ ಅಷ್ಟು ಸಾಕಾಗಿತ್ತು. ಗದ್ದಲ ಕತ್ತರಿಸಿದ ಹಾಗೆ ನಿಂತಿತು. ಹೊರಗೆ ಹೋಗುತ್ತಿದ್ದ ಸೈಕಲ್ಲೂ ಬೆಲ್ ಒತ್ತದೆ ಹೋಯಿತು!

"ಏನಂದೆ?"

"ಹತ್ತಿ ತಾಗಿಸಿ ನೋಡದೆ ಸೀದಾ ನೀರಿಗೆ ಹಾಕಿದೆ. ಬಣ್ಣ ಹೋಯ್ತು. ನಿಮ್ಮ ಸ್ಟಾಂಪು ಅಸಲಿ ಅಜ್ಜಾ. ನಕಲಿ... ನಾನು. ನನ್ನ ಹೆಸರು ಕೆಡತ್ತೆ ಅಂತ ನಿಮ್ಮ ಹೆಸರು ಕೆಡಿಸಿದೆ. ನೀವು ‘ಹೌದೇನಮ್ಮಾ’ ಅಂತ ಕೇಳಿದಾಗ್ಲೂ ತಲೆ ಆಡಿಸಿದೆ. ನಂಗೆ... ನಂಗೆ ತುಂಬಾ ನಾಚಿಕೆ ಆಗ್ತಿದೆ."

ಚಿಕ್ಕಪ್ಪ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. "ನೀನಾ? ನೀನಾ ಮಗಳೇ?" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಅಜ್ಜ ಮಾತ್ರ ಬಾಯಿ ತೆರೆದುಕೊಂಡೇ ನಿಂತಿದ್ದರು. ನಿಧಾನವಾಗಿ ಅವರ ಮುಖ ಬದಲಾಯಿತು.

"ಅಂದ್ರೆ... ನನ್ನ ಕಣ್ಣು ಸರಿಯಾಗೇ ಇದೆ?"

"ಸರಿಯಾಗೇ ಇದೆ ಅಜ್ಜಾ."

"ಸರಿಯಾಗೇ ಇದೆ!" ಅಜ್ಜ ಮೇಜು ಗುದ್ದಿದ ರಭಸಕ್ಕೆ ಮೂರು ಬೀದಿಯಾಚೆಯ ಕಿಟಕಿಗಳು ನಡುಗಿದವು. "ಏಯ್, ಇಡ್ರೋ ಕೆಳಗೆ! ನನ್ನ ದೀಪಸ್ತಂಭ ಜೇಬಿಗೆ ಹಾಕಿದೋನು ಯಾರೋ? ತೆಗೀ! ನೀನೂ ತೆಗೀ, ನೋಡ್ದೆ ನಾನು... ಕಣ್ಣು ಸರಿಯಾಗಿದೆ ನಂಗೆ!"

ಜನ ನಗುತ್ತ, ಬೆವರುತ್ತ ಎಲ್ಲವನ್ನೂ ವಾಪಸ್ ಇಟ್ಟರು. ಅಜ್ಜ ಅವಳ ಎದುರು ಬಂದು ನಿಂತರು.

"ನಿನ್ನ ಕಿವಿ ಹಿಂಡಬೇಕು."

"ಹಿಂಡಿ ಅಜ್ಜಾ."

ಹಿಂಡಿದರು. ನಿಜಕ್ಕೂ ನೋಯುವಂತೆ ಹಿಂಡಿದರು. ಆಮೇಲೆ ಅದೇ ಕೈಯಿಂದ ತಲೆ ಸವರಿದರು. ಅವಳು ಬಿಕ್ಕಿದಳು.

ಕಣ್ಣೊರೆಸಿಕೊಂಡು ನೋಡಿದಾಗ ಬಾಗಿಲ ಬಳಿ ಯಾರೂ ಇರಲಿಲ್ಲ.

* * *

ಮಾರನೇ ದಿನ ಅವಳು ಸ್ಟೂಲು ಹತ್ತಿ ಬಾಗಿಲಿನ ಬೋರ್ಡು ಕಳಚತೊಡಗಿದಳು. ಮೊಳೆ ತುಕ್ಕು ಹಿಡಿದಿತ್ತು, ಬರಲೊಲ್ಲದು.

"ಅದನ್ನ ಯಾಕ್ ತೆಗೀತಿದೀರಾ?"

ಹಿಂದೆ ಅವನು ನಿಂತಿದ್ದ. ಅವಳು ಸ್ಟೂಲಿನಿಂದ ಇಳಿದಳು. ತಲೆ ಎತ್ತಲಿಲ್ಲ.

"ಇನ್ನು ಯಾರ ಸ್ಟಾಂಪನ್ನೂ ನಾನು ಮುಟ್ಟಲ್ಲ."

"ಬಣ್ಣ ಹೋಯ್ತು ಅಂದಿದ್ರೆ ನಾನು ನಕ್ಕು ಸುಮ್ಮನಾಗ್ತಿದ್ದೆ ರೀ." ಅವನ ಧ್ವನಿಯಲ್ಲಿ ಸಿಟ್ಟಿತ್ತು. "ಅದು ಹೋದ್ರೆ ಹೋಗ್ಲಿ. ಆದ್ರೆ ಆ ಅಜ್ಜನ ಮುಂದೆ ‘ನಕಲಿ’ ಅನ್ನೋ ಮಾತನ್ನ ನನ್ನ ಬಾಯಿಂದ ಹೇಳಿಸಿದ್ರಲ್ಲ... ಅದು ನೋವಾಯ್ತು."

"ಗೊತ್ತು. ಕ್ಷಮಿಸಿ ಅಂತ ಕೇಳೋಕೂ ನಂಗೆ ಮುಖ ಇಲ್ಲ."

"ಅಜ್ಜನ ಮನೆಗೆ ಹೋಗಿದ್ದೆ ನಿನ್ನೆ. ತಪ್ಪಾಯ್ತು ಅಂತ ಹೇಳೋಕೆ. ಚೆನ್ನಾಗಿ ಉಗಿದ್ರು."

"ಏನಂತ?"

"‘ಅಷ್ಟು ಜನರ ಮುಂದೆ ನಿಂತು ಅವಳು ಹೇಳಿದ್ಲು. ನೀನು ಬಾಗಿಲಿಂದ ಓಡಿಹೋದೆ. ನಿಮ್ಮಿಬ್ಬರಲ್ಲಿ ಹೇಡಿ ಯಾರೋ?’ ಅಂದ್ರು." ಅವನು ಜೇಬು ತಟ್ಟಿಕೊಂಡ. "ನಿಜಾನೇ. ಊರೋರ ಕಣ್ಣು ನೋಡೋದೇ ನನ್ನ ಕೆಲಸ. ಜೇಬಲ್ಲೇ ಭೂತಗನ್ನಡಿ ಇತ್ತು. ಒಂದೇ ಒಂದು ಸಲ ಹಿಡಿದು ನೋಡಿದ್ರೆ ನಂಗೇ ಅನುಮಾನ ಬರ್ತಿತ್ತು. ನೋಡ್ಲಿಲ್ಲ."

"ಯಾಕೆ ನೋಡ್ಲಿಲ್ಲ?"

"ಹೇಳಿದ್ದು ನೀವಲ್ವಾ, ಅದಕ್ಕೆ."

ಅವಳ ಕಣ್ಣು ತುಂಬಿ ಬಂತು.

"ಅವತ್ತು ಮೆಟ್ಟಿಲ ಮೇಲೆ..." ಅವಳು ತಡವರಿಸಿದಳು. "ನೀವು ಹೇಳೋ ಮಾತು ಬೇಡ ಅಂತ ಅಲ್ಲ ನಾನು ತಡೆದಿದ್ದು. ಆ ಮಾತನ್ನ ನೀವು ಯಾರಿಗೋ ಹೇಳ್ತಿದ್ರಿ. ತಪ್ಪೇ ಮಾಡದ ಯಾರಿಗೋ. ಅವಳ ಪಾಲಿನ ಮಾತನ್ನ ನಾನು ಕದ್ದ ಹಾಗೆ ಆಗ್ತಿತ್ತು."

ಅವನು ಅವಳನ್ನೇ ನೋಡಿದ. ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ಸರಿ. ಹಾಗಾದ್ರೆ ಈಗ ಹೇಳ್ತೀನಿ, ಕೇಳಿ. ಹತ್ತಿ ತಾಗಿಸೋದು ಮರೆತೋಳಿಗೆ. ಸುಳ್ಳು ಹೇಳಿ, ಆಮೇಲೆ ಅಷ್ಟು ಜನರ ಮುಂದೆ ಕಿವಿ ಹಿಂಡಿಸ್ಕೊಂಡೋಳಿಗೆ. ಅವಳಂದ್ರೆ ನಂಗೆ ಪ್ರಾಣ."

ಒಳಗೆ ಚಿಕ್ಕಪ್ಪ ಜೋರಾಗಿ ಕೆಮ್ಮಿದರು. ಮತ್ತೆ ಎದ್ದು, ಕೆಲಸವೇ ಇಲ್ಲದ ಹಿಂದಿನ ಕೋಣೆಗೆ ಭಾರೀ ಕೆಲಸವಿರುವವರಂತೆ ಹೋದರು.

ಅವಳ ತಲೆ ಇನ್ನೂ ತಗ್ಗಿತು. ಗಲ್ಲ ಎದೆಗೆ ತಾಗುವಷ್ಟು.

"ಏನ್ರೀ... ಯಾಕೆ ತಲೆ ಎತ್ತುತ್ತಾ ಇಲ್ಲ?"

"ನಾಚಿಕೆ."

"ಇನ್ನೂನಾ?" ಅವನು ಗಾಬರಿಯಾದ. "ಆ ವಿಷಯ ಮುಗೀತಲ್ಲ! ಅಜ್ಜ ಕ್ಷಮಿಸಿದ್ರು, ನಾನೂ..."

"ಅಯ್ಯೋ, ದಡ್ಡ!" ಅವಳು ತಗ್ಗಿಸಿದ ತಲೆಯಲ್ಲೇ ಅವನ ಅಂಗಿಯ ತೋಳನ್ನು ಬೆರಳಲ್ಲಿ ಹಿಡಿದುಕೊಂಡಳು. "ಇದು ಆ ನಾಚಿಕೆ ಅಲ್ಲ."